ನೆರೆಮನೆಗೆ ಯಾವ ಶುಭಾಶಯ ಪತ್ರ?

ಆಗಮನ ಕಾಲದ ಮೊದಲ ಭಾನುವಾರ ಕಳೆಯುತ್ತಿದ್ದಂತೆ ನಮ್ಮ ಮನೆಗಳಲ್ಲಿ ಹಬ್ಬದ ಸಿದ್ಧತೆ ಆರಂಭವಾಗುತ್ತದೆ. ಗೋದಲಿಗೆಂದು ಕುಡಿಕೆಗಳಲ್ಲಿ ರಾಗಿಯನ್ನೋ ಭತ್ತವನ್ನೋ ಬಿತ್ತಿ ಹಸಿರು ಪೈರು ಬೆಳೆಸುತ್ತೇವೆ. ಅಟ್ಟದ ಮೇಲಿದ್ದ ನಕ್ಷತ್ರವನ್ನು ಕೆಳಗಿಳಿಸಿ ಧೂಳು ಒರೆಸುತ್ತೇವೆ. ಯಾರ ಯಾರ ಮನೆಗೆ ಕೇಕು, ಕುಸ್ವಾರು ಹೋಗಬೇಕೆಂದು ಪಟ್ಟಿ ಮಾಡುತ್ತೇವೆ. ಆ ಪಟ್ಟಿಯಲ್ಲಿ ನಮ್ಮ ಧರ್ಮಕೇಂದ್ರದ ಬಂಧುಮಿತ್ರರಷ್ಟೇ ಇರುವುದಿಲ್ಲ. ಎದುರುಮನೆಯ ಹಿಂದೂ ಕುಟುಂಬ, ಕಚೇರಿಯ ಮುಸ್ಲಿಂ ಸಹೋದ್ಯೋಗಿ, ಮಕ್ಕಳಿಗೆ ಪಾಠ ಹೇಳಿದ ಜೈನ ಅಧ್ಯಾಪಕಿ, ದೇವರನ್ನೇ ನಂಬದ ಹಳೆಯ ಗೆಳೆಯ, ಎಲ್ಲರೂ ಇರುತ್ತಾರೆ. ಇವರಿಗಾಗಿ ಶುಭಾಶಯ ಪತ್ರ ಆರಿಸಲು ಅಂಗಡಿಗೆ ಹೋದಾಗ ನಮ್ಮ ಕೈ ಒಂದು ಕ್ಷಣ ತಡೆಯುತ್ತದೆ. ಒಂದು ಪತ್ರದಲ್ಲಿ ಮರಿಯಾ ಮಾತೆ ಮತ್ತು ಸಂತ ಜೋಸೆಫರ ನಡುವೆ ಹುಲ್ಲಿನ ಮೇಲೆ ಮಲಗಿದ ಬಾಲಯೇಸು. ಇನ್ನೊಂದರಲ್ಲಿ ಹಿಮದ ಮೇಲೆ ಓಡುವ ಸಾರಂಗಗಳು, ಬಣ್ಣದ ಗೋಲಗಳು, ಯಾವ ಹಬ್ಬವೆಂದು ಹೇಳದ ಒಂದು ಇಂಗ್ಲಿಷ್ ಹಾರೈಕೆ. ಮೊದಲನೆಯದನ್ನು ಕೊಟ್ಟರೆ ಅವರಿಗೆ ಮುಜುಗರವಾದೀತೇ? ಎರಡನೆಯದನ್ನು ಕೊಟ್ಟರೆ ನಾವು ನಮ್ಮ ಪ್ರಭುವನ್ನು ಮರೆಮಾಡಿದಂತಾದೀತೇ?

ಒಂದು ತುಂಡು ಕಾಗದಕ್ಕೆ ಇಷ್ಟು ಚಿಂತೆಯೇ ಎಂದು ನೀವು ಕೇಳಬಹುದು. ಆದರೆ ನಮ್ಮ ವಿಶ್ವಾಸವನ್ನು ನಾವು ಎಷ್ಟು ಪ್ರಾಮಾಣಿಕವಾಗಿ ಹೇಳಿಕೊಳ್ಳುತ್ತೇವೆ, ಮತ್ತೊಬ್ಬರ ವಿಶ್ವಾಸವನ್ನು ಎಷ್ಟು ಗೌರವಿಸುತ್ತೇವೆ ಎಂಬ ಎರಡು ದೊಡ್ಡ ಪ್ರಶ್ನೆಗಳು ಆ ಸಣ್ಣ ಕಾಗದದಲ್ಲಿ ಎದುರುಬದುರಾಗಿ ನಿಲ್ಲುತ್ತವೆ. ಈಗ ಬಹುಪಾಲು ಶುಭಾಶಯಗಳು ಮೊಬೈಲಿನ ಮೂಲಕವೇ ಹೋಗುತ್ತವೆ, ನಿಜ. ಅದರಿಂದ ಪ್ರಶ್ನೆ ಸಣ್ಣದಾಗಿಲ್ಲ. ಒಂದೇ ಚಿತ್ರ ಒಂದೇ ಕ್ಷಣದಲ್ಲಿ ನೂರು ಮಂದಿಗೆ ತಲುಪುವಾಗ, ಯಾರಿಗೆ ಏನು ಕಳುಹಿಸುತ್ತಿದ್ದೇವೆ ಎಂದು ಯೋಚಿಸುವ ಅಗತ್ಯ ಇನ್ನಷ್ಟು ಹೆಚ್ಚಿದೆ.

ಈ ಪತ್ರಗಳ ಚರಿತ್ರೆಯನ್ನು ಸ್ವಲ್ಪ ನೋಡೋಣ. ಅಚ್ಚಾಗಿ ಮಾರಾಟಕ್ಕೆ ಬಂದ ಮೊದಲ ಕ್ರಿಸ್ಮಸ್ ಪತ್ರ ಲಂಡನ್ನಿನಲ್ಲಿ 1843ರಲ್ಲಿ ಹೊರಬಂದಿತು. ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ ಆರಂಭವಾದದ್ದೂ ಅದೇ ವರ್ಷ. ಹೆನ್ರಿ ಕೋಲ್ ಎಂಬವರ ಕೋರಿಕೆಯಂತೆ ಜಾನ್ ಕ್ಯಾಲ್ಕಾಟ್ ಹಾರ್ಸ್ಲಿ ಎಂಬ ಕಲಾವಿದ ಅದರ ಚಿತ್ರ ಬರೆದರು. ಸುಮಾರು 1000 ಪ್ರತಿಗಳು ಅಚ್ಚಾದವು. ಬೆಲೆ ಒಂದು ಶಿಲಿಂಗ್. ಆ ಪತ್ರದಲ್ಲಿ ಗೋದಲಿ ಇರಲಿಲ್ಲ, ಬಾಲಯೇಸುವೂ ಇರಲಿಲ್ಲ. ನಡುವೆ ಒಂದು ಕುಟುಂಬ ದ್ರಾಕ್ಷಾರಸದ ಬಟ್ಟಲೆತ್ತಿ ಸಂಭ್ರಮಿಸುತ್ತಿತ್ತು. ಚಿತ್ರದಲ್ಲಿ ಮಗುವೊಂದರ ಬಾಯಿಗೂ ಬಟ್ಟಲು ಇದ್ದುದರಿಂದ ಪಾನವಿರೋಧಿಗಳು ಅದನ್ನು ಟೀಕಿಸಿದರು. ಆದರೆ ಆ ಕುಟುಂಬದ ಎಡಬಲಗಳಲ್ಲಿ ಇನ್ನೆರಡು ಚಿತ್ರಗಳಿದ್ದವು: ಒಂದು ಕಡೆ ಹಸಿದವರಿಗೆ ಊಟ, ಇನ್ನೊಂದು ಕಡೆ ಬಟ್ಟೆಯಿಲ್ಲದವರಿಗೆ ಬಟ್ಟೆ. ಸಂತ ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯವನ್ನು ಓದಿದವರಿಗೆ ಈ ಎರಡು ಚಿತ್ರಗಳಲ್ಲಿ ಪ್ರಭುವಿನ ಗುರುತು ಸಿಗದೆ ಇರದು.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಬಾಲಯೇಸುವಿನ ಚಿತ್ರವಿಲ್ಲದ ಪತ್ರವೆಲ್ಲ ವಿಶ್ವಾಸದ್ರೋಹವೆಂದು ಹೇಳಲಾಗದು. ಚಿತ್ರವಿದ್ದ ಮಾತ್ರಕ್ಕೆ ಅದು ಸಾಕ್ಷ್ಯವಾಗುತ್ತದೆಂದೂ ಹೇಳಲಾಗದು. ಯಾವುದನ್ನು ಆರಿಸಿದೆವು ಎಂಬುದಕ್ಕಿಂತ ಯಾವ ಮನಸ್ಸಿನಿಂದ ಆರಿಸಿದೆವು ಎಂಬುದನ್ನು ನಾವು ಪರೀಕ್ಷಿಸಿಕೊಳ್ಳಬೇಕು.

ನಮ್ಮ ಮುಂದೆ ಎರಡು ಸುಲಭದ ದಾರಿಗಳಿವೆ. ಮೊದಲನೆಯದು, ಯಾರಿಗೂ ಏನೂ ಅನ್ನಿಸದಂಥ ಪತ್ರವನ್ನು ಆರಿಸಿ ಪಾರಾಗುವುದು. ಹಿಮಬಿದ್ದ ಮರ, ಉರಿಯುವ ಮೇಣದ ಬತ್ತಿ, ಹೊಳೆಯುವ ಗಂಟೆ. ಇದನ್ನು ಸೌಜನ್ಯವೆಂದು ಕರೆಯುತ್ತೇವೆ. ಆದರೆ ಇದರ ಹಿಂದೆ ನೆರೆಯವರ ಬಗ್ಗೆ ಒಂದು ಅನಾದರ ಅಡಗಿರಬಹುದು. ನಮ್ಮ ಹಬ್ಬದ ಕಾರಣ ಕೇಳಿದರೆ ಅವರು ಸಹಿಸಲಾರರು ಎಂದು ಅವರನ್ನು ಕೇಳದೆಯೇ ನಾವು ತೀರ್ಮಾನಿಸಿಬಿಟ್ಟಿರುತ್ತೇವೆ. ದೀಪಾವಳಿಗೆ ಅವರು ಲಕ್ಷ್ಮಿಯ ಚಿತ್ರವಿರುವ ಪತ್ರವನ್ನು ಕಳುಹಿಸಿದಾಗ ನಮಗೆ ನೋವಾಗುತ್ತದೆಯೇ? ಅದು ಅವರ ಸಂತೋಷ, ಅದರಲ್ಲಿ ನಮ್ಮನ್ನೂ ನೆನೆದರು ಎಂದು ಹಿಗ್ಗುತ್ತೇವೆ. ನಮಗಿರುವ ಈ ಹೃದಯವಿಶಾಲತೆ ಅವರಿಗಿಲ್ಲವೆಂದು ಭಾವಿಸುವುದು ನ್ಯಾಯವಲ್ಲ.

ಎರಡನೆಯದು ಇದಕ್ಕೆ ತದ್ವಿರುದ್ಧವಾದ ದಾರಿ. ಪತ್ರ ಹೇಗೂ ಒಂದು ಮನೆಯೊಳಗೆ ಹೋಗುತ್ತದಲ್ಲ, ಇದೇ ಸಮಯವೆಂದು ಲಕೋಟೆಯೊಳಗೆ ಉಪದೇಶದ ಕರಪತ್ರವನ್ನೂ ಸೇರಿಸುವುದು. ಓದಿದವರು ಪಶ್ಚಾತ್ತಾಪ ಪಡಲಿ ಎಂಬಂಥ ವಾಕ್ಯಗಳನ್ನೇ ಹುಡುಕಿ ಬರೆಯುವುದು. ಇದರ ಹಿಂದೆ ಉತ್ಸಾಹವಿದೆ, ಅನುಮಾನವಿಲ್ಲ. ಆದರೆ ಅಲ್ಲಿ ನೆರೆಯವರು ನೆರೆಯವರಾಗಿ ಉಳಿಯದೆ ನಮ್ಮ ಗುರಿಯಾಗಿಬಿಡುತ್ತಾರೆ. ಶುಭಾಶಯದ ಹೆಸರಿನಲ್ಲಿ ಬೇರೊಂದು ಕೆಲಸ ಮಾಡಿಸಿಕೊಳ್ಳುವುದು ಶುಭಾಶಯಕ್ಕೆ ಮಾಡುವ ಅಪಚಾರ. ನಮ್ಮ ನಿರೀಕ್ಷೆಗೆ ಕಾರಣವೇನೆಂದು ಕೇಳಿದವರಿಗೆ ಉತ್ತರ ಕೊಡಲು ಸದಾ ಸಿದ್ಧರಿರಬೇಕು, ಅದನ್ನು ಸೌಮ್ಯತೆಯಿಂದಲೂ ಗೌರವದಿಂದಲೂ ಕೊಡಬೇಕು ಎಂಬುದು ಸಂತ ಪೇತ್ರನ ಮೊದಲ ಪತ್ರದ ಬುದ್ಧಿವಾದ. ಕೇಳಿದವರಿಗೆ ಎಂಬ ಮಾತನ್ನು ಗಮನಿಸಿ. ಪ್ರಶ್ನೆ ಅವರಿಂದ ಬರಬೇಕು. ಅದು ಬರುವಂತೆ ಬದುಕುವುದು ನಮ್ಮ ಕೆಲಸ.

ಹಾಗಾದರೆ ನಡುವಿನ ದಾರಿ ಯಾವುದು? ಶುಭಾಶಯ ಪತ್ರವನ್ನು ಒಬ್ಬ ಅತಿಥಿಯೆಂದು ಭಾವಿಸಿ ನೋಡಿ. ಮರ್ಯಾದಸ್ಥ ಅತಿಥಿ ಬಾಗಿಲಲ್ಲಿ ನಿಂತು ತನ್ನ ಹೆಸರು ಹೇಳುತ್ತಾನೆ. ಹೆಸರು ಮುಚ್ಚಿಟ್ಟು ಒಳಗೆ ಬರುವುದಿಲ್ಲ. ಒಳಗೆ ಬಂದ ಮೇಲೆ ಆ ಮನೆಯ ರೀತಿನೀತಿಗೆ ಹೊಂದಿಕೊಳ್ಳುತ್ತಾನೆ. ಅವರ ದೇವರ ಕೋಣೆಯನ್ನು ತನ್ನಿಷ್ಟದಂತೆ ಬದಲಿಸಲು ಹೊರಡುವುದಿಲ್ಲ. ನಮ್ಮ ಪತ್ರವೂ ಹಾಗೆಯೇ ಇರಲಿ. ಇದು ಯೇಸುಸ್ವಾಮಿಯ ಜನನದ ಹಬ್ಬ ಎಂಬುದನ್ನು ಅದು ಸಂಕೋಚವಿಲ್ಲದೆ ಹೇಳಲಿ. ಅದರ ಹಾರೈಕೆ ಮಾತ್ರ ಸ್ವೀಕರಿಸುವವರ ಬದುಕನ್ನು ಮುಟ್ಟುವಂತಿರಲಿ. ನಮ್ಮ ವಿಶ್ವಾಸವನ್ನು ನಮ್ಮ ಮಾತಾಗಿಯೇ ಹೇಳೋಣ. ಅವರ ಬಾಯಿಂದ ಅದನ್ನು ಹೇಳಿಸಲು ಹೋಗುವುದು ಬೇಡ. ‘ಪ್ರಭು ಯೇಸುವಿನ ಜನನವನ್ನು ನಾವು ಆಚರಿಸುತ್ತಿರುವ ಈ ದಿನ ನಿಮ್ಮನ್ನೂ ನಿಮ್ಮ ಮನೆಯವರನ್ನೂ ಪ್ರೀತಿಯಿಂದ ನೆನೆಯುತ್ತಿದ್ದೇವೆ. ನಿಮ್ಮ ಮನೆಯಲ್ಲಿ ಆರೋಗ್ಯ, ನೆಮ್ಮದಿ ತುಂಬಿರಲಿ’ ಎಂದು ಕನ್ನಡದಲ್ಲಿ ನಿಮ್ಮ ಕೈಯಾರೆ ಬರೆದರೆ ಸಾಕು. ಇದರಲ್ಲಿ ಮರೆಮಾಚಿದ್ದೂ ಇಲ್ಲ, ಹೇರಿದ್ದೂ ಇಲ್ಲ.

ಶುಭಸಂದೇಶದಲ್ಲಿ ಮೂಡಣ ದೇಶದ ಜ್ಞಾನಿಗಳ ಕಥೆಯನ್ನು ನೆನಪಿಸಿಕೊಳ್ಳಿ. ಅವರು ಇಸ್ರಯೇಲರ ಧರ್ಮದವರಲ್ಲ. ಆಕಾಶವನ್ನು ನೋಡಿ ಅರ್ಥ ಹುಡುಕುವವರು. ದೇವರು ಅವರಿಗೆ ಮೊದಲು ಪ್ರವಾದಿಗಳ ಗ್ರಂಥವನ್ನು ಕಳುಹಿಸಲಿಲ್ಲ, ಒಂದು ನಕ್ಷತ್ರವನ್ನು ತೋರಿಸಿದರು. ಅವರಿಗೆ ತಿಳಿದಿದ್ದ ಭಾಷೆಯಲ್ಲೇ ದೇವರು ಮಾತನಾಡಿದರು. ಆ ನಕ್ಷತ್ರ ಅವರನ್ನು ಬಲವಂತವಾಗಿ ಎಳೆದುಕೊಂಡು ಹೋಗಲಿಲ್ಲ. ಹಾಗೆಂದು ಶಿಶುವನ್ನು ಮರೆಮಾಡಲೂ ಇಲ್ಲ. ದಾರಿ ತೋರಿಸಿ, ಮಗುವಿದ್ದ ಮನೆಯ ಮೇಲೆ ನಿಂತಿತು. ಬಂದವರು ತಮ್ಮ ನಾಡಿನ ಕಾಣಿಕೆಗಳನ್ನು ಅರ್ಪಿಸಿ ತಮ್ಮ ನಾಡಿಗೇ ಮರಳಿದರು. ಪ್ರತಿವರ್ಷ ಮನೆಯ ಮುಂದೆ ನಕ್ಷತ್ರ ತೂಗುಹಾಕುವ ನಾವು ಈ ಸೂಕ್ಷ್ಮವನ್ನು ಮರೆಯಬಾರದು.

ಬಾಲಯೇಸುವಿನ ಚಿತ್ರ ಕಂಡರೆ ಅನ್ಯಧರ್ಮೀಯರಿಗೆ ಇರುಸುಮುರುಸಾಗುತ್ತದೆ ಎಂಬ ಭಯಕ್ಕೆ ನಮ್ಮ ನಾಡಿನ ಅನುಭವ ಬೇರೆಯೇ ಉತ್ತರ ಕೊಡುತ್ತದೆ. ಕ್ರಿಸ್ಮಸ್ ದಿನಗಳಲ್ಲಿ ಮೈಸೂರಿನ ಸಂತ ಫಿಲೋಮಿನಾ ದೇವಾಲಯಕ್ಕೆ ಹೋಗಿ ನೋಡಿ. ಗೋದಲಿಯ ಮುಂದೆ ಮಕ್ಕಳನ್ನು ಎತ್ತಿ ಹಿಡಿದು ತೋರಿಸುವ ತಂದೆತಾಯಿಯರಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ. ಮಂಜೇಶ್ವರದ ಗೌಡ ಸಾರಸ್ವತ ಮನೆತನದ ರಾಷ್ಟ್ರಕವಿ ಎಂ. ಗೋವಿಂದ ಪೈಗಳು ಯೇಸುವಿನ ಕೊನೆಯ ದಿನವನ್ನು ಕುರಿತು ‘ಗೊಲ್ಗೊಥಾ’ ಎಂಬ ಖಂಡಕಾವ್ಯವನ್ನೇ ಕನ್ನಡಕ್ಕೆ ಕೊಟ್ಟರು. ತಮ್ಮ ಧರ್ಮದಲ್ಲಿದ್ದುಕೊಂಡೇ ಶಿಲುಬೆಯನ್ನು ಅಷ್ಟು ಹತ್ತಿರದಿಂದ ನೋಡಿದ ಕವಿಯ ನಾಡಿನಲ್ಲಿ, ಹುಲ್ಲಿನ ಮೇಲೆ ಮಲಗಿದ ಒಂದು ಕೂಸನ್ನು ನೆರೆಯವರಿಂದ ಅಡಗಿಸಬೇಕಾದ ಅಗತ್ಯವಿಲ್ಲ.

ಆದರೆ ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಬೇಕು. ಗೋದಲಿ ನೋಡಲು ಬಂದವರು ತಾವಾಗಿ ಬಂದವರು. ಪತ್ರವಾದರೋ ಕರೆಯದೆಯೇ ಅವರ ಮನೆಗೆ ಹೋಗುತ್ತದೆ. ಆದ್ದರಿಂದ ಪ್ರತಿಯೊಬ್ಬರನ್ನೂ ನೆನೆದು ಆರಿಸಬೇಕು. ಮುಸ್ಲಿಂ ಬಾಂಧವರ ವಿಷಯವನ್ನೇ ತೆಗೆದುಕೊಳ್ಳಿ. ಖುರ್‌ಆನಿನ 19ನೆಯ ಅಧ್ಯಾಯಕ್ಕೆ ಮರ್ಯಮ್ ಎಂದೇ ಹೆಸರು. ಖರ್ಜೂರದ ಮರದ ಬುಡದಲ್ಲಿ ಆಕೆ ಪ್ರಸವವೇದನೆ ಅನುಭವಿಸಿದ ಪ್ರಸಂಗ ಅಲ್ಲಿದೆ. ಈಸಾ ಅವರನ್ನು ಮುಸ್ಲಿಮರು ಪ್ರವಾದಿಯೆಂದು ಗೌರವಿಸುತ್ತಾರೆ, ದೇವಪುತ್ರನೆಂದು ಒಪ್ಪುವುದಿಲ್ಲ. ಹಾಗೆಯೇ ಪ್ರವಾದಿಗಳ ಚಿತ್ರ ಬರೆಯುವುದನ್ನು ಅವರಲ್ಲಿ ಅನೇಕರು ಒಪ್ಪುವುದಿಲ್ಲ. ಇದನ್ನು ಬಲ್ಲವರು ಅಂಥ ಸ್ನೇಹಿತರಿಗೆ ನಕ್ಷತ್ರವೋ ದೀಪವೋ ಇರುವ ಪತ್ರವನ್ನು ಆರಿಸಿ, ಒಳಗೆ ಹಬ್ಬದ ಹೆಸರನ್ನು ನೇರವಾಗಿ ಬರೆಯುತ್ತಾರೆ. ಇಲ್ಲಿ ಚಿತ್ರವನ್ನು ಬಿಟ್ಟದ್ದು ನಾಚಿಕೆಯಿಂದಲ್ಲ, ಅವರ ಅಂತಃಕರಣದ ಮೇಲಿನ ಗೌರವದಿಂದ.

ಕೊರಿಂಥದ ವಿಶ್ವಾಸಿಗಳಿಗೆ ಸಂತ ಪೌಲನು ಕಲಿಸಿದ್ದು ಇದೇ ಪಾಠವನ್ನು. ವಿಗ್ರಹಗಳಿಗೆ ಅರ್ಪಿಸಿದ ಮಾಂಸವನ್ನು ತಿನ್ನಬಹುದೇ ಎಂಬ ಪ್ರಶ್ನೆ ಅಲ್ಲಿ ಎದ್ದಿತ್ತು. ತಿನ್ನುವ ಸ್ವಾತಂತ್ರ್ಯ ನಮಗಿದೆಯೆಂದು ತಿಳಿದವರ ವಾದವನ್ನು ಪೌಲನು ತಳ್ಳಿಹಾಕಲಿಲ್ಲ. ಆದರೆ ಮತ್ತೊಬ್ಬರ ಅಂತಃಕರಣಕ್ಕೆ ಗಾಯವಾಗುವುದಾದರೆ ಆ ಸ್ವಾತಂತ್ರ್ಯವನ್ನು ಬಿಟ್ಟುಕೊಡುವುದೇ ಪ್ರೀತಿ ಎಂದು ತಿಳಿಸಿದನು. ಹಾಗೆ ಹೇಳಿದ ಪೌಲನೇ ಕ್ರಿಸ್ತನನ್ನು ಸಾರಲು ಎಂದೂ ಹಿಂಜರಿಯಲಿಲ್ಲ. ಪ್ರೀತಿಯಿಂದ ತಡೆದುಕೊಳ್ಳುವುದು ಬೇರೆ, ಭಯದಿಂದ ಮುಚ್ಚಿಡುವುದು ಬೇರೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಪತ್ರದಂತೆ ಕಾಣಬಹುದು. ನಮ್ಮೊಳಗಿನ ಕಾರಣ ನಮಗೆ ಗೊತ್ತು, ದೇವರಿಗೆ ಗೊತ್ತು.

ಈ ವಿವೇಕ ನಮ್ಮ ಅಡುಗೆಮನೆಗಳಿಗೆ ಹೊಸದಲ್ಲ. ನೆರೆಮನೆಯವರು ಸಸ್ಯಾಹಾರಿಗಳಾದರೆ ಅವರ ತಟ್ಟೆಗೆ ಮೊಟ್ಟೆ ಸೇರದ ತಿಂಡಿಗಳನ್ನೇ ಬೇರೆಯಾಗಿ ತೆಗೆದಿಡುವ ತಾಯಂದಿರು ನಮ್ಮಲ್ಲಿದ್ದಾರೆ. ರಮ್ಮಿನಲ್ಲಿ ನೆನೆಸಿದ ಹಣ್ಣಿನ ಕೇಕನ್ನು ಮುಸ್ಲಿಂ ಮನೆಗೆ ಅವರು ಕಳುಹಿಸುವುದಿಲ್ಲ. ಅದರಿಂದ ಹಬ್ಬದ ರುಚಿ ಕಡಿಮೆಯಾಯಿತೆಂದು ಯಾರೂ ಹೇಳಿಲ್ಲ. ತಟ್ಟೆಗೆ ತೋರುವ ಈ ಎಚ್ಚರವನ್ನೇ ಪತ್ರಕ್ಕೂ ತೋರಿಸಿದರಾಯಿತು. ಆ ವರ್ಷ ಸಾವು ಕಂಡ ಮನೆಗೆ ಮಿನುಗುವ ಪತ್ರ ಬೇಡ. ಬಿಳಿಯ ಹಾಳೆಯಲ್ಲಿ ನಾಲ್ಕು ಸಾಂತ್ವನದ ಸಾಲುಗಳಿರಲಿ. ದೇವರನ್ನು ನಂಬದ ಗೆಳೆಯನಿಗೆ ಆಶೀರ್ವಾದದ ದೀರ್ಘ ವಾಕ್ಯಗಳು ಬೇಡ. ನಮ್ಮ ಹಬ್ಬದ ದಿನ ನಿನ್ನ ನೆನಪಾಯಿತು ಎಂದರೆ ಅವನಿಗೆ ಸಾಕಷ್ಟು ಸಂತೋಷವಾಗುತ್ತದೆ.

ಇನ್ನೊಂದು ಬಗೆಯ ಪತ್ರವನ್ನೂ ಅಂಗಡಿಗಳಲ್ಲಿ ಕಾಣುತ್ತೇವೆ. ಶಿಲುಬೆ, ಓಂಕಾರ, ಅರ್ಧಚಂದ್ರಗಳನ್ನು ಸಾಲಾಗಿ ಬರೆದು ಎಲ್ಲವೂ ಒಂದೇ ಎಂದು ಸಾರುವ ಪತ್ರ. ಅದರ ಹಿಂದಿನ ಸದಾಶಯವನ್ನು ಗೌರವಿಸೋಣ. ಆದರೆ ನೆರೆಯವರು ತಾವಾಗಿ ಹೇಳದ ಮಾತನ್ನು ಅವರ ಚಿಹ್ನೆಯ ಮೂಲಕ ನಾವೇ ಹೇಳಿಬಿಡುವುದು ಸರಿಯೇ? ಭೇದವಿರುವ ಕಡೆ ಭೇದವಿಲ್ಲವೆಂದರೆ ಸ್ನೇಹ ಬೆಳೆಯುವುದಿಲ್ಲ. ಭೇದವನ್ನು ಬಲ್ಲವರೂ ಒಂದೇ ಜಗಲಿಯ ಮೇಲೆ ಕುಳಿತು ಮಾತನಾಡಬಲ್ಲರು ಎಂಬಲ್ಲಿ ಸ್ನೇಹದ ಬೆಲೆಯಿದೆ. 1965ರ ಅಕ್ಟೋಬರ್ 28ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಘೋಷಣೆ ಇತರ ಧರ್ಮಗಳಲ್ಲಿರುವ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ತಿಳಿಸಿತು. ಅದೇ ಘೋಷಣೆ ಕ್ರಿಸ್ತನನ್ನು ಸಾರುವ ಕರ್ತವ್ಯವನ್ನೂ ಎತ್ತಿಹಿಡಿಯಿತು. ಎರಡನ್ನೂ ಒಟ್ಟಿಗೆ ಹಿಡಿಯಲು ಕಲಿಯುವುದೇ ನಮ್ಮ ಸಾಧನೆ.

ಅಲಂಕಾರದ ವಿಷಯಕ್ಕೂ ಇದೇ ನೀತಿ ಅನ್ವಯಿಸುತ್ತದೆ. ಬಾಗಿಲಿಗೆ ಮಾವಿನ ಎಲೆಯ ತೋರಣ, ಅಂಗಳಕ್ಕೆ ರಂಗೋಲಿ, ಮಣ್ಣಿನ ಹಣತೆ, ಬಾಳೆಯ ಕಂದು ಇವೆಲ್ಲ ಈ ಮಣ್ಣಿನ ಮಂಗಳದ ಭಾಷೆ. ಕರಾವಳಿಯಲ್ಲಿ ದೀಪಾವಳಿಗೆ ಮನೆಯ ಮುಂದೆ ಗೂಡುದೀಪ ತೂಗುತ್ತದೆ. ಕೆಲವೇ ವಾರಗಳ ನಂತರ ಪಕ್ಕದ ಮನೆಯ ಮುಂದೆ ನಕ್ಷತ್ರ ತೂಗುತ್ತದೆ. ಬಿದಿರ ಕಡ್ಡಿ, ಬಣ್ಣದ ಕಾಗದ, ಒಳಗೊಂದು ಬೆಳಕು. ಕಟ್ಟುವ ಕೈಕಸುಬು ಎರಡಕ್ಕೂ ಒಂದೇ, ಹೇಳುವ ಕಥೆ ಬೇರೆ ಬೇರೆ. ನಮ್ಮ ಗೋದಲಿ ಬೆಥ್ಲೆಹೇಮಿನ ಕಥೆಯನ್ನು ಈ ನೆಲದ ಭಾಷೆಯಲ್ಲಿ ಹೇಳುವುದರಲ್ಲಿ ತಪ್ಪಿಲ್ಲ. ಗೋವೆಯಲ್ಲಿ ಹುಟ್ಟಿದ ಕಲಾವಿದ ಆಂಜೆಲೊ ದ ಫೊನ್ಸೆಕಾ (1902–1967) ಮರಿಯಾ ಮಾತೆಗೆ ಸೀರೆ ಉಡಿಸಿ ಚಿತ್ರಿಸಿದಾಗ ನಮ್ಮವರೇ ಕೆಲವರು ಆಕ್ಷೇಪಿಸಿದ್ದರು. ಹಿಮ ಕಾಣದ ಊರಿನ ಗೋದಲಿಗೆ ಹತ್ತಿಯ ಹಿಮ ಸುರಿಸುವ ನಾವು ಆ ಸೀರೆಯುಟ್ಟ ಮಾತೆಯನ್ನು ಪರಕೀಯಳೆಂದು ಹೇಳುವಂತಿಲ್ಲ. ಅಂಥ ಚಿತ್ರವುಳ್ಳ ಪತ್ರ ಸಿಕ್ಕರೆ ನೆರೆಮನೆಗೆ ಅದನ್ನೇ ಆರಿಸಿ. ಅದು ಹೇಳುವ ವಿಶ್ವಾಸ ನಮ್ಮದು, ಉಡುಗೆ ಇಬ್ಬರದೂ.

ಆದರೆ ಎಲ್ಲಿ ಅಲಂಕರಿಸುತ್ತೇವೆ ಎಂಬುದೂ ಮುಖ್ಯ. ನಮ್ಮ ಮನೆಯೊಳಗೆ, ನಮ್ಮ ಬಾಗಿಲ ಮುಂದೆ ಗೋದಲಿ ಕಟ್ಟಲು, ನಕ್ಷತ್ರ ತೂಗಲು ಅಂಜಬೇಕಾಗಿಲ್ಲ; ಅನ್ಯಧರ್ಮದ ಅತಿಥಿ ಬರುತ್ತಾರೆಂದು ಗೋದಲಿಗೆ ಪರದೆ ಎಳೆಯಬೇಕಾಗಿಯೂ ಇಲ್ಲ. ಅಪಾರ್ಟ್‌ಮೆಂಟಿನ ಹಜಾರ, ಕಚೇರಿಯ ಮೊಗಸಾಲೆ, ಸಾರ್ವಜನಿಕ ಬೀದಿ ಮಾತ್ರ ಎಲ್ಲರದು. ಅಲ್ಲಿ ಗೋದಲಿ ಇಡುವ ಮುನ್ನ ಒಂದು ಮಾತು ಕೇಳುವುದರಿಂದ ನಾವು ಚಿಕ್ಕವರಾಗುವುದಿಲ್ಲ. ಕೇಳಿ ಇಟ್ಟ ಗೋದಲಿಗೆ ನೆರೆಮನೆಯ ಮಕ್ಕಳೂ ಮರಳು ತಂದು ಸುರಿಯುತ್ತಾರೆ. ಕೇಳದೆ ಇಟ್ಟದ್ದು ಮುಂದಿನ ಸಭೆಯ ತಕರಾರಾಗುತ್ತದೆ. ಮಧ್ಯರಾತ್ರಿಯ ಬಲಿಪೂಜೆಯ ನಂತರ ಸಿಡಿಸುವ ಪಟಾಕಿಯೂ ಇದೇ ಲೆಕ್ಕಕ್ಕೆ ಸೇರಿದ್ದು. ಮಲಗಿದ್ದ ಹಸುಗೂಸನ್ನು ಬೆಚ್ಚಿಬೀಳಿಸಿ ಬಾಲಯೇಸುವನ್ನು ಸ್ವಾಗತಿಸುವುದು ಯಾವ ಭಕ್ತಿ? ಸಂತ ಫ್ರಾನ್ಸಿಸ್ ಅಸ್ಸೀಸಿಯವರು 1223ರಲ್ಲಿ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಗೋದಲಿಯನ್ನು ಏರ್ಪಡಿಸಿದಾಗ ಅಲ್ಲಿದ್ದುದು ಹುಲ್ಲು, ಎತ್ತು, ಕತ್ತೆ ಮಾತ್ರ. ದೇವರು ಎಷ್ಟು ಬಡವರಾಗಿ ಬಂದರೆಂದು ಜನ ಕಣ್ಣಾರೆ ಕಾಣಲಿ ಎಂಬುದೇ ಅವರ ಆಸೆಯಾಗಿತ್ತು. ಗೋದಲಿಯ ಸ್ವಭಾವವೇ ವಿನಯ. ಅದನ್ನು ಪಂತಕ್ಕೆ, ಪ್ರದರ್ಶನಕ್ಕೆ ಕಟ್ಟಿದರೆ ಅದರ ಅರ್ಥವೇ ಕೆಡುತ್ತದೆ.

ಕೊಡುವುದರ ಜೊತೆಗೆ ಪಡೆಯುವುದನ್ನೂ ಕಲಿಯಬೇಕು. ಡಿಸೆಂಬರಿನಲ್ಲಿ ಪತ್ರ ಕಳುಹಿಸುವ ನಾವು ಅವರ ಯುಗಾದಿ, ರಂಜಾನ್, ಮಹಾವೀರ ಜಯಂತಿಯ ದಿನಗಳನ್ನು ನೆನಪಿಡುತ್ತೇವೆಯೇ? ವ್ಯಾಟಿಕನ್ನಿನ ಅಂತರಧರ್ಮೀಯ ಸಂವಾದ ಕಚೇರಿ 1967ರಿಂದ ರಂಜಾನಿಗೂ, 1995ರಿಂದ ದೀಪಾವಳಿಗೂ ಶುಭಾಶಯ ಸಂದೇಶಗಳನ್ನು ಕಳುಹಿಸುತ್ತ ಬಂದಿದೆ. ಧರ್ಮಸಭೆ ತನ್ನ ವಿಶ್ವಾಸವನ್ನು ಬಿಟ್ಟುಕೊಡದೆ ಈ ಕೆಲಸ ಮಾಡಬಲ್ಲುದಾದರೆ ನಮ್ಮ ಮನೆಗಳೂ ಮಾಡಬಲ್ಲವು. ವರ್ಷಕ್ಕೊಮ್ಮೆ ಮಾತ್ರ ಬರುವ ಅತಿಥಿಯನ್ನು ಅನುಮಾನದಿಂದ ನೋಡುವುದು ಸಹಜ. ವರ್ಷವಿಡೀ ಬಂದುಹೋಗುವವನನ್ನು ಯಾರೂ ಹಾಗೆ ನೋಡುವುದಿಲ್ಲ.

ಅನುಮಾನದ ಮಾತು ಬಂತು. ಹಬ್ಬದ ಶುಭಾಶಯವನ್ನೂ ಮತಾಂತರದ ಆಮಿಷವೆಂದು ಶಂಕಿಸುವ ಧ್ವನಿಗಳು ನಮ್ಮ ನಡುವೆ ಕೇಳಿಬರುತ್ತಿವೆ. ಇದರಿಂದ ಕೆಲವು ಕುಟುಂಬಗಳಿಗೆ ಕೊಡುವ ಕೈಯನ್ನೇ ಹಿಂತೆಗೆದುಕೊಳ್ಳೋಣ ಎನ್ನಿಸಿದರೆ ಆಶ್ಚರ್ಯವಿಲ್ಲ. ಅಂಥವರ ಭಯವನ್ನು ಹಗುರವಾಗಿ ಕಾಣಬಾರದು. ಆದರೆ ನಾವು ಕೊಡುವುದನ್ನು ನಿಲ್ಲಿಸಿದರೆ ಶಂಕೆಯೇ ಗೆಲ್ಲುತ್ತದೆ. ಬೇಲಿ ಇನ್ನಷ್ಟು ಎತ್ತರವಾಗುತ್ತದೆ. ಗಾಳವಿಲ್ಲದ ಪತ್ರ, ಪ್ರತಿಫಲ ಬಯಸದ ತಟ್ಟೆ, ವರ್ಷಗಟ್ಟಲೆ ಬೆಳೆದುಬಂದ ಬಳಕೆ, ಇವುಗಳ ಮುಂದೆ ಶಂಕೆ ಹೆಚ್ಚು ದಿನ ನಿಲ್ಲಲಾರದು. ನಮ್ಮನ್ನು ಬಲ್ಲ ನೆರೆಯವರೇ ನಮ್ಮ ಪರವಾಗಿ ನಾಲ್ಕು ಮಾತು ಆಡುವಂತಾಗಬೇಕು.

ಆದ್ದರಿಂದ, ಪ್ರಿಯ ಓದುಗರೇ, ಈ ಬಾರಿ ಪತ್ರಗಳನ್ನು ಕಟ್ಟುಗಟ್ಟಲೆ ಕೊಳ್ಳುವ ಬದಲು ಹೆಸರುಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಮನೆಮಂದಿಯೆಲ್ಲ ಒಂದು ಸಂಜೆ ಕುಳಿತುಕೊಳ್ಳಿ. ಮಕ್ಕಳನ್ನೂ ಕೂರಿಸಿಕೊಳ್ಳಿ. ಒಂದೊಂದು ಹೆಸರಿಗೂ ಎರಡು ಪ್ರಶ್ನೆ ಕೇಳಿಕೊಳ್ಳಿ: ಈ ಪತ್ರದಲ್ಲಿ ನಾವು ಯಾರೆಂಬುದು ಪ್ರಾಮಾಣಿಕವಾಗಿ ತಿಳಿಯುತ್ತದೆಯೇ? ಅವರು ಯಾರೆಂಬುದು ನಮಗೆ ನೆನಪಿದೆಯೇ? ಎರಡಕ್ಕೂ ಹೌದೆಂಬ ಉತ್ತರ ಬಂದರೆ ಚಿತ್ರ ಗೋದಲಿಯದಾಗಲಿ, ನಕ್ಷತ್ರದ್ದಾಗಲಿ, ಅದು ಕ್ರಿಸ್ತಜಯಂತಿಯ ಪತ್ರವೇ. ನಾವು ಕರೆಯುವ ಮೊದಲೇ ನಮ್ಮ ನಡುವೆ ಬಂದು ನೆಲೆಸಿದ ಪ್ರಭು, ಯಾರ ಬಾಗಿಲನ್ನೂ ಒಡೆಯದೆ, ಕೂಸಾಗಿ ಬಂದರು. ಅವರ ಹೆಸರಿನಲ್ಲಿ ಹೊರಡುವ ನಮ್ಮ ಪತ್ರಗಳೂ ಅಷ್ಟೇ ಮೆಲ್ಲಗೆ ನೆರೆಮನೆಯ ಬಾಗಿಲು ತಟ್ಟಲಿ.

ನಿಮಗೂ ನಿಮ್ಮ ನೆರೆಯವರಿಗೂ ಹಬ್ಬದ ಶಾಂತಿ ಲಭಿಸಲಿ.